ಕ್ಷೇತ್ರಯಾತ್ರೆಯ ಮರ್ಮ: ಕುಮಾರಧಾರೆ, ಪಯಸ್ವಿನಿಗಳ ಸೀಮೆಯಲ್ಲಿ

|| ಶ್ರೀ ಗುರುಭ್ಯೋ ನಮಃ || ಹರಿಃ ಓಂ ||



ಮಾರ್ಗಶಿರ ಮಾಸವು ಸಮೀಪಿಸಿತೆಂದರೆ ನಮ್ಮ ಮನೆಗಳಲ್ಲಿ ಚಂಪಾಷಷ್ಠಿಯ ಮಾತು ಮೊದಲಾಗುತ್ತದೆ. ‘ಈ ಸಲವಾದರೂ ಸುಬ್ರಹ್ಮಣ್ಯಕ್ಕೆ ಹೋಗಿಬರಬೇಕು’ ಎಂದು ಹಿರಿಯರು ಹೇಳುತ್ತಾರೆ. ‘ಹೋಗುವ ದಾರಿಯಲ್ಲಿ ಇನ್ನೇನೇನು ನೋಡಬಹುದು?’ ಎಂದು ಕಿರಿಯರು ಕೇಳುತ್ತಾರೆ. ಈ ಎರಡು ಮಾತುಗಳಲ್ಲಿ ಯಾವುದೂ ತಪ್ಪಲ್ಲ. ಆದರೆ ಹೋಗಿಬರುವುದು ಬೇರೆ, ನೋಡಿಬರುವುದು ಬೇರೆ, ಯಾತ್ರೆ ಮಾಡುವುದು ಬೇರೆ. ಈ ಭೇದವನ್ನು ತಿಳಿಯದೆ ಹೊರಟರೆ ನೂರು ಕ್ಷೇತ್ರಗಳನ್ನು ಸುತ್ತಿದರೂ ಕಾಲಿಗೆ ಬಂದ ದಣಿವಷ್ಟೇ ಲಾಭವಾದೀತು. ಆದ್ದರಿಂದ ಪುತ್ತೂರು, ಕಡಬ, ಸುಳ್ಯ ಎಂಬ ಮೂರು ತಾಲೂಕುಗಳ ತೀರ್ಥಕ್ಷೇತ್ರಗಳನ್ನು ಮನಸ್ಸಿನಲ್ಲಿಯೇ ಒಮ್ಮೆ ಸುತ್ತಿ, ಯಾತ್ರೆಯ ಮರ್ಮವೇನೆಂಬುದನ್ನು ಸ್ವಲ್ಪ ವಿಚಾರಿಸೋಣ.

ಸಹ್ಯಾದ್ರಿಯ ಬುಡದಲ್ಲಿ ಹರಡಿರುವ ಈ ಸೀಮೆಯ ಸೊಬಗನ್ನು ವರ್ಣಿಸಬೇಕಾದುದಿಲ್ಲ. ಅಡಿಕೆಯ ತೋಟ, ಗುಡ್ಡದ ಇಳಿಜಾರು, ತೋಡುಗಳ ಜುಳುಜುಳು ನಾದ, ಪೂರ್ವಕ್ಕೆ ಮುಖಮಾಡಿ ನಿಂತರೆ ಕಣ್ತುಂಬ ನೀಲಿಯ ಗಿರಿಶ್ರೇಣಿ. ಇದನ್ನೆಲ್ಲ ಕಂಡು ಸಂತೋಷಪಡುವುದು ದೋಷವಲ್ಲ. ಶ್ರೀಹರಿಯ ಸೃಷ್ಟಿಯನ್ನು ಸತ್ಯವೆಂದು ಒಪ್ಪಿದ ಸಿದ್ಧಾಂತ ನಮ್ಮದು. ಈ ಹಸಿರು ಮಿಥ್ಯೆಯಲ್ಲ, ಈ ಹೊಳೆ ಭ್ರಮೆಯಲ್ಲ. ಆದರೆ ಸತ್ಯವಾದ ಜಗತ್ತು ಸ್ವತಂತ್ರವಾದುದಲ್ಲ. ಅದರ ಒಳಗೆ ನಿಂತು ಅದನ್ನು ನಡೆಸುವ ಸ್ವತಂತ್ರನೊಬ್ಬನಿದ್ದಾನೆ. ಕಾಣುವ ಸೊಬಗಿನಿಂದ ಕಾಣದ ಆ ಸ್ವಾಮಿಯವರೆಗೆ ಮನಸ್ಸು ನಡೆದರೆ ಅದು ಯಾತ್ರೆ. ಸೊಬಗಿನಲ್ಲಿಯೇ ನಿಂತುಬಿಟ್ಟರೆ ಅದು ವಿಹಾರ. ವಿಚಾರಮಾಡಿ ನೋಡಿದರೆ, ಈ ಮೂರು ತಾಲೂಕುಗಳ ಕ್ಷೇತ್ರಗಳೆಲ್ಲವೂ ಈ ಒಂದು ಪಾಠವನ್ನೇ ಬೇರೆ ಬೇರೆ ರೀತಿಯಲ್ಲಿ ಹೇಳುತ್ತಿರುವಂತೆ ತೋರುತ್ತದೆ.

ಮಂಗಳೂರಿನ ಕಡೆಯಿಂದ ಬರುವವರಿಗೆ ಮೊದಲು ದೊರೆಯುವುದು ಪುತ್ತೂರಿನ ಮಹಾಲಿಂಗೇಶ್ವರ ಸನ್ನಿಧಿ. ಪ್ರತಿವರ್ಷ ಏಪ್ರಿಲ್ 10ರಂದು ಧ್ವಜಾರೋಹಣವಾಗಿ 17ರಂದು ಬ್ರಹ್ಮರಥೋತ್ಸವ ನಡೆಯುವ ಈ ಜಾತ್ರೆಯು ಹತ್ತೂರ ಜನರನ್ನು ಕೂಡಿಸುತ್ತದೆ. ದೇವಾಲಯದ ಬಳಿಯಲ್ಲಿರುವ ಕೆರೆಯ ಕಥೆಯನ್ನು ನಮ್ಮ ಮಕ್ಕಳು ಕೇಳಿರಬೇಕು. ಕೆರೆಯನ್ನು ಎಷ್ಟು ಅಗೆದರೂ ನೀರು ಬರಲಿಲ್ಲವಂತೆ. ಕೊನೆಗೆ ಒಣಗಿದ ಆ ಕೆರೆಯ ತಳದಲ್ಲಿಯೇ ಎಲೆ ಹಾಕಿ ಬ್ರಾಹ್ಮಣಸಂತರ್ಪಣೆ ನಡೆಸಿದರು. ಊಟ ನಡೆಯುತ್ತಿರುವಂತೆಯೇ ನೀರು ಉಕ್ಕಿತು. ಎಲೆಯಲ್ಲಿ ಉಳಿದ ಅನ್ನದ ಅಗುಳುಗಳು ಮುತ್ತುಗಳಾದವು. ಮುತ್ತಿನ ಊರೇ ಮುತ್ತೂರು, ಪುತ್ತೂರು ಆಯಿತೆಂದು ಸ್ಥಳದ ಹಿರಿಯರು ಹೇಳುತ್ತಾರೆ. ಗುದ್ದಲಿಗೆ ಒಲಿಯದ ಗಂಗೆ ಅನ್ನದಾನಕ್ಕೆ ಒಲಿದಳು. ನೆಲದೊಳಗೆ ನೀರು ಮೊದಲೂ ಇತ್ತು; ಅದನ್ನು ಹೊರಗೆ ಕರೆಯುವ ಬಗೆ ಮಾತ್ರ ತಿಳಿದಿರಲಿಲ್ಲ. ಹೃದಯದೊಳಗಿನ ಹರಿಯ ವಿಷಯದಲ್ಲಿಯೂ ನಮ್ಮ ಸ್ಥಿತಿ ಇದೇ ಅಲ್ಲವೇ?

ಅಲ್ಲಿಂದ ಮುಂದೆ ಉಪ್ಪಿನಂಗಡಿ. ಘಟ್ಟದಿಂದ ಇಳಿದು ಬಂದ ನೇತ್ರಾವತಿಯೂ ಕುಮಾರಧಾರೆಯೂ ಇಲ್ಲಿ ಸಂಗಮವಾಗುತ್ತವೆ. ಗಯಾಪದವೆಂದೂ ದಕ್ಷಿಣಕಾಶಿಯೆಂದೂ ಹೆಸರುಗೊಂಡು ಪಿತೃಕಾರ್ಯಕ್ಕೆ ಪ್ರಸಿದ್ಧವಾದ ಸ್ಥಳವಿದು. ಸಹಸ್ರಲಿಂಗೇಶ್ವರನ ದೇವಾಲಯವು ದಡದ ಮೇಲಿದ್ದರೆ, ಹೊಳೆಯ ಪಾತ್ರದಲ್ಲಿ ಮರಳಿನ ನಡುವೆ ಉದ್ಭವಲಿಂಗವೊಂದಿದೆ. ಮಳೆಗಾಲದಲ್ಲಿ ಅದು ಪ್ರವಾಹದ ಒಳಗೆ. ನೀರಿಳಿದ ಮೇಲೆ ಮರಳನ್ನು ಸರಿಸಿ ಅದಕ್ಕೆ ಪೂಜೆ. ಮಖೆ ಜಾತ್ರೆಯ ದಿನಗಳಲ್ಲಿ ಜನರು ಸಂಗಮದಲ್ಲಿ ಮಿಂದು ಈ ಲಿಂಗಕ್ಕೆ ನಮಿಸುತ್ತಾರೆ. ವರ್ಷದ ಬಹುಕಾಲ ಕಣ್ಣಿಗೆ ಬೀಳದ ಸನ್ನಿಧಾನವದು. ಕಾಣದ ಕಾಲದಲ್ಲಿ ದೇವರು ಅಲ್ಲಿ ಇಲ್ಲವೆಂದು ಯಾರಾದರೂ ಹೇಳುವರೇ?

ಮಳೆ ಬಲವಾದ ವರ್ಷಗಳಲ್ಲಿ ಎರಡೂ ನದಿಗಳು ಉಕ್ಕಿ ದೇವಾಲಯದ ಮುಂದೆಯೇ ಒಂದಾಗುತ್ತವೆ. ಆಗ ಗಂಗಾಪೂಜೆ ನಡೆಯುತ್ತದೆ. 1923ರ ಮತ್ತು 1974ರ ಮಹಾಪ್ರವಾಹಗಳ ನೆನಪನ್ನು ಈ ನದೀತೀರದ ಮನೆಗಳು ಇಂದಿಗೂ ಹೇಳುತ್ತವೆ. ತೋಟ ತೊಳೆದುಹೋದರೂ ನದಿಗೆ ಹೂವು ಅರಿಸಿನ ಕುಂಕುಮಗಳನ್ನರ್ಪಿಸಿ ಕೈಮುಗಿದ ಜನರು ಅವರು. ಕೊಡುವಾಗ ತಾಯಿ, ಉಕ್ಕುವಾಗ ಶತ್ರು ಎಂಬ ಎಣಿಕೆ ಅವರಲ್ಲಿರಲಿಲ್ಲ. ಸುಖದುಃಖಗಳೆರಡನ್ನೂ ಒಬ್ಬನ ಕೈಯಿಂದಲೇ ಬಂದುವೆಂದು ಸ್ವೀಕರಿಸುವ ಈ ನಿಲುವು ಪ್ರವಚನ ಕೇಳಿ ಕಲಿಯುವುದಕ್ಕಿಂತ ಹೊಳೆಯ ದಡದಲ್ಲಿ ಬದುಕಿ ಕಲಿತದ್ದು.

ಈ ಕ್ಷೇತ್ರದ ಸ್ಥಳಪುರಾಣವು ನಮ್ಮ ಸಂಪ್ರದಾಯದವರಿಗೆ ಅತ್ಯಂತ ಪ್ರಿಯವಾಗತಕ್ಕದ್ದು. ಧರ್ಮರಾಜನ ರಾಜಸೂಯಯಾಗಕ್ಕಾಗಿ ಪುರುಷಾಮೃಗವನ್ನು ತರಲು ಭೀಮಸೇನನು ಹೊರಟನು. ದಾರಿಯಲ್ಲಿ ಹನುಮಂತದೇವರು ತಮ್ಮ ಬಾಲದ ಕೂದಲುಗಳನ್ನು ಅವನಿಗೆ ಕೊಟ್ಟರು. ಪುರುಷಾಮೃಗವು ಮಹಾವೇಗಶಾಲಿ, ಆದರೆ ಪರಮ ಶಿವಭಕ್ತ. ಅದು ಬೆನ್ನಟ್ಟಿ ಹತ್ತಿರ ಬಂದಾಗಲೆಲ್ಲ ಭೀಮನು ಒಂದು ಕೂದಲನ್ನು ನೆಲಕ್ಕೆ ಬಿಡುವನು, ಅದು ಲಿಂಗವಾಗುವುದು, ಮೃಗವು ಓಟವನ್ನು ನಿಲ್ಲಿಸಿ ಅದನ್ನು ಪೂಜಿಸುವುದು. ಉಪ್ಪಿನಂಗಡಿಗೆ ಬಂದಾಗ ಉಳಿದ ಕೂದಲುಗಳನ್ನೆಲ್ಲ ಒಮ್ಮೆಲೇ ಚೆಲ್ಲಿದನೆಂದೂ ಅವು ಸಾವಿರ ಲಿಂಗಗಳಾದುವೆಂದೂ ಐತಿಹ್ಯ. ವ್ಯಾಸರ ಮೂಲಭಾರತದಲ್ಲಿ ಈ ಕಥೆ ಕಾಣುವುದಿಲ್ಲ. ಜನರ ನಾಲಗೆಯಲ್ಲಿ ಉಳಿದುಬಂದುದು. ಆದರೂ ಇದರ ತಾತ್ಪರ್ಯವನ್ನು ಗಮನಿಸಿರಿ. ಕೊಟ್ಟವನು ವಾಯುದೇವರ ಪ್ರಥಮಾವತಾರ, ಪಡೆದವನು ದ್ವಿತೀಯಾವತಾರ. ತೃತೀಯಾವತಾರರಾದ ಶ್ರೀಮದಾಚಾರ್ಯರ ಪರಂಪರೆಯೂ ಇದೇ ಕುಮಾರಧಾರೆಯ ಮೇಲ್ದಡದಲ್ಲಿ ನೆಲೆನಿಂತಿತು. ಆ ವಿಷಯವನ್ನು ಮುಂದೆ ಹೇಳುವೆವು.

ಈ ಕಥೆಯಲ್ಲಿ ನಾವು ಪುರುಷಾಮೃಗವನ್ನು ಮರೆಯಬಾರದು. ಅದಕ್ಕೆ ಓಡುವ ಶಕ್ತಿಯಿತ್ತು, ಹಿಡಿಯಬೇಕೆಂಬ ಹಟವಿತ್ತು, ಗುರಿ ಎದುರಿಗೇ ಇತ್ತು. ಆದರೂ ಸನ್ನಿಧಾನ ಕಂಡೊಡನೆ ನಿಂತಿತು. ಸೋಲುತ್ತೇನೆಂದು ತಿಳಿದೂ ನಿಂತಿತು. ಇಂದು ನಮ್ಮ ಯಾತ್ರೆಗಳು ಹೇಗಿವೆ? ಬೆಳಗಿನಲ್ಲಿ ಒಂದು ಕ್ಷೇತ್ರ, ಮಧ್ಯಾಹ್ನದ ಮಹಾಪೂಜೆಗೆ ಮತ್ತೊಂದು, ಸಂಜೆಗೆ ಮೂರನೆಯದು. ಸಾಲಿನಲ್ಲಿ ನಿಂತಿರುವಾಗಲೇ ಮುಂದಿನ ಊರಿನ ದೂರವನ್ನು ಲೆಕ್ಕಹಾಕುತ್ತೇವೆ. ವಾಹನ ನಿಲ್ಲುತ್ತದೆ, ನಾವು ನಿಲ್ಲುವುದಿಲ್ಲ. ಮೃಗವೆನಿಸಿಕೊಂಡದ್ದು ನಿಂತಿತು, ಮನುಷ್ಯರೆನಿಸಿಕೊಂಡ ನಾವು ಓಡುತ್ತಿದ್ದೇವೆ. ಯಾತ್ರೆಯ ಮೊದಲ ಮರ್ಮವೇ ಇದು: ನಿಲ್ಲುವುದು.

ಸಂಗಮದಿಂದ ಕುಮಾರಧಾರೆಯ ಸೀಮೆಯೊಳಗೆ ಪೂರ್ವಾಭಿಮುಖವಾಗಿ ಸಾಗಿದರೆ ಇತ್ತೀಚಿನ ವರ್ಷಗಳಲ್ಲಿ ಪ್ರತ್ಯೇಕ ತಾಲೂಕಾದ ಕಡಬದ ನಾಡು. ರಾಮಕುಂಜವು ಈ ನಾಡಿನಲ್ಲಿಯೇ ಇದೆ. 1931ರಲ್ಲಿ ಇಲ್ಲಿ ಜನಿಸಿದ ಬಾಲಕನೊಬ್ಬನು 1938ರಲ್ಲಿ ಹಂಪಿಯಲ್ಲಿ ತುರೀಯಾಶ್ರಮವನ್ನು ಸ್ವೀಕರಿಸಿ ಪೇಜಾವರ ಮಠದ ಶ್ರೀ ವಿಶ್ವೇಶತೀರ್ಥರಾಗಿ, 2019ರಲ್ಲಿ ವೃಂದಾವನಸ್ಥರಾಗುವವರೆಗೂ ಎಂಟು ದಶಕಗಳ ಕಾಲ ಯತಿಧರ್ಮವನ್ನು ನಡೆಸಿದರು. ಉಡುಪಿಯ ಅಷ್ಟಮಠಗಳಲ್ಲೊಂದಕ್ಕೆ ಹೆಸರನ್ನಿತ್ತ ಕಾಣಿಯೂರು ಕೂಡ ಇದೇ ತಾಲೂಕಿನ ಗ್ರಾಮ. ಶ್ರೀಮದಾಚಾರ್ಯರ ಸಾಕ್ಷಾಚ್ಛಿಷ್ಯರಾದ ಶ್ರೀ ರಾಮತೀರ್ಥರಿಂದ ಮೊದಲಾದ ಪರಂಪರೆಯದು. ದೊಡ್ಡ ಗೋಪುರಗಳಿಲ್ಲದ, ತೋಟಗಳ ನಡುವೆ ಅಡಗಿದ ಇಂಥ ಊರುಗಳ ಹೆಸರನ್ನು ಉಡುಪಿಯ ರಥಬೀದಿಯಲ್ಲಿ ನಿತ್ಯವೂ ಉಚ್ಚರಿಸುತ್ತೇವೆ. ಒಮ್ಮೆಯಾದರೂ ಅಲ್ಲಿಗೆ ಹೋಗಿ ಆ ಮಣ್ಣಿಗೆ ನಮಿಸುವವರು ನಮ್ಮಲ್ಲಿ ಎಷ್ಟು ಮಂದಿ?

ಈಗ ಕುಕ್ಕೆಗೆ ಬರೋಣ. ಕುಮಾರಪರ್ವತದಿಂದ ಇಳಿದು ಬರುವ ಕುಮಾರಧಾರೆಯಲ್ಲಿ ಮಿಂದು ಸುಬ್ರಹ್ಮಣ್ಯನ ದರ್ಶನ ಪಡೆಯುವುದು ಕ್ರಮ. ತಾರಕಾಸುರನನ್ನು ಸಂಹರಿಸಿದ ಷಣ್ಮುಖನು ತನ್ನ ಆಯುಧವನ್ನು ಇಲ್ಲಿಯೇ ತೊಳೆದನೆಂದೂ ಮಾರ್ಗಶಿರ ಶುದ್ಧ ಷಷ್ಠಿಯಂದು ದೇವಸೇನೆಯನ್ನು ವರಿಸಿದನೆಂದೂ ಕ್ಷೇತ್ರಪುರಾಣವು ಹೇಳುತ್ತದೆ. ಚಂಪಾಷಷ್ಠಿಯ ಬ್ರಹ್ಮರಥೋತ್ಸವವು ಆ ದಿನದ್ದೇ. ಆ ರಥವನ್ನು ಕಟ್ಟುವವರು ಕಾಡಿನ ಮಕ್ಕಳಾದ ಮಲೆಕುಡಿಯರು. ಕಾಡಿನಿಂದ ತಂದ ಬೆತ್ತದಿಂದ ರಥವನ್ನು ಬಿಗಿದು ಅಲಂಕರಿಸುವ ಈ ಸೇವೆ ಅವರಿಗೆ ಪರಂಪರೆಯಿಂದ ಬಂದುದು. ರಥದ ಮೇಲಿನ ಬಾವುಟವನ್ನು ನೋಡುವ ನಮ್ಮ ಕಣ್ಣು ಆ ಬೆತ್ತದ ಗಂಟುಗಳನ್ನೂ ನೋಡಬೇಕು. ಸೇವೆಯ ಅಧಿಕಾರ ನಮಗೊಬ್ಬರಿಗೇ ಎಂಬ ಗರ್ವವಿದ್ದರೆ ಅದು ಅಲ್ಲಿಯೇ ಕರಗುತ್ತದೆ.

ಕುಕ್ಕೆಗೆ ಹೋಗುವ ಬಹುಮಂದಿಯ ಮನಸ್ಸಿನಲ್ಲಿರುವುದು ಭಯವೆಂಬುದನ್ನು ನಾವು ಬಲ್ಲೆವು. ಜಾತಕದಲ್ಲಿ ದೋಷವಿದೆಯೆಂದರು, ಮದುವೆ ಕೂಡಿಬರಲಿಲ್ಲ, ಸಂತಾನವಾಗಲಿಲ್ಲ, ಮೈಮೇಲೆ ಕಲೆ ಎದ್ದಿತು. ಆಶ್ಲೇಷಾಬಲಿ ಮಾಡಿಸಬೇಕು, ಸರ್ಪಸಂಸ್ಕಾರ ಮಾಡಿಸಬೇಕು. ಶಾಸ್ತ್ರವಿಹಿತವಾದ ಕರ್ಮವನ್ನು ಶ್ರದ್ಧೆಯಿಂದ ಮಾಡುವುದು ಯುಕ್ತವೇ. ಆದರೆ ಭಯವೊಂದನ್ನೇ ಹೊತ್ತುಕೊಂಡು ಹೋಗುವವರು ಆ ಕ್ಷೇತ್ರದ ಪುರಾಣವನ್ನು ಮನಸ್ಸಿಟ್ಟು ಕೇಳಬೇಕು. ವಾಸುಕಿಯು ಇಲ್ಲಿಗೆ ಬಂದುದೇಕೆ? ಗರುಡನಿಗೆ ಅಂಜಿ. ಬಿಲದ್ವಾರದ ಗುಹೆಯಲ್ಲಿ ಅಡಗಿ ತಪಸ್ಸನ್ನಾಚರಿಸಿದ ಅವನಿಗೆ ಷಣ್ಮುಖನು ಅಭಯವಿತ್ತು ತನ್ನ ಬಳಿಯಲ್ಲಿಯೇ ನೆಲೆಗೊಳಿಸಿದನು. ನಾವು ಸರ್ಪಕ್ಕೆ ಅಂಜಿ ಎಲ್ಲಿಗೆ ಓಡುತ್ತೇವೆಯೋ ಅಲ್ಲಿಗೆ ಆ ಸರ್ಪರಾಜನೂ ಅಂಜಿಯೇ ಓಡಿಬಂದವನು! ಕುಕ್ಕೆಯು ಭಯದ ಕ್ಷೇತ್ರವಲ್ಲ, ಅಭಯದ ಕ್ಷೇತ್ರ. ಗರ್ಭಗುಡಿಯ ಎದುರಿಗೆ ಬೆಳ್ಳಿ ಹೊದಿಸಿದ ಗರುಡಗಂಬವು ನಿಂತಿದೆ. ಬೆನ್ನಟ್ಟಿದವನೂ ಶರಣಾದವನೂ ಒಂದೇ ಅಂಗಳದಲ್ಲಿ ಶಾಂತರಾಗಿದ್ದಾರೆ. ಇಲ್ಲಿಗೆ ಬಂದು ದಾಯಾದಿಯ ಮೇಲಿನ ದ್ವೇಷವನ್ನು ಬಿಡದೆ ಹಿಂದಿರುಗಿದವನ ಸರ್ಪದೋಷ ಯಾವ ವಿಧಿಯಿಂದ ಹೋದೀತು?

ಇನ್ನು ತಾರತಮ್ಯದ ವಿಷಯ. ನಮ್ಮ ಮನೆಯ ಮಕ್ಕಳು, ‘ನಾವು ವಿಷ್ಣುಭಕ್ತರು, ಪುತ್ತೂರಿನಲ್ಲಿ ಶಿವನಿಗೂ ಕುಕ್ಕೆಯಲ್ಲಿ ಸ್ಕಂದನಿಗೂ ಹೇಗೆ ನಮಿಸಬೇಕು?’ ಎಂದು ಕೇಳುವುದುಂಟು. ಪ್ರಶ್ನೆಯನ್ನು ಗದರಿಸಿ ನಿಲ್ಲಿಸಬಾರದು. ರುದ್ರದೇವರು ನಮಗೆ ಮನೋನಿಯಾಮಕರು. ಅವರ ಅನುಗ್ರಹವಿಲ್ಲದೆ ಮನಸ್ಸು ಹರಿಯ ಕಡೆಗೆ ತಿರುಗದು. ಸ್ಕಂದನು ಮನ್ಮಥನ ಅವತಾರ, ತಾರತಮ್ಯದಲ್ಲಿ ಇಂದ್ರನಿಗೆ ಸಮಾನವಾದ ಸ್ಥಾನದವನು, ಪೂಜ್ಯ ದೇವತೆ. ಅವರವರ ಸ್ಥಾನವನ್ನರಿತು, ಭಾರತೀರಮಣ ಮುಖ್ಯಪ್ರಾಣಾಂತರ್ಗತನಾಗಿ ಅವರೊಳಗೆ ನಿಂತ ಶ್ರೀಹರಿಯನ್ನು ಚಿಂತಿಸುತ್ತ ತಲೆಬಾಗಿದರೆ ಅವರಿಗೂ ಪ್ರೀತಿ, ಅವನಿಗೂ ಪ್ರೀತಿ. ತಾರತಮ್ಯಜ್ಞಾನವು ಯಾರನ್ನೂ ಅಲ್ಲಗಳೆಯುವುದಕ್ಕೆ ಇರುವುದಲ್ಲ. ಯಾರನ್ನು ಹೇಗೆ ಗೌರವಿಸಬೇಕೆಂದು ತಿಳಿಸುವುದಕ್ಕೆ.

ಕುಕ್ಕೆಯಲ್ಲಿ ದೇವರು ಕೊಡುವ ವಿಶೇಷ ಪ್ರಸಾದ ಯಾವುದು? ಹುತ್ತದ ಮಣ್ಣು. ಮೃತ್ತಿಕೆಯೆಂದು ಅದನ್ನು ಕಣ್ಣಿಗೊತ್ತಿಕೊಳ್ಳುತ್ತೇವೆ. ಚಿನ್ನವಲ್ಲ, ಬೆಳ್ಳಿಯಲ್ಲ, ಮಣ್ಣು. ಹುತ್ತದೊಳಗೆ ಇರುವವನು ಕಾಣುವುದಿಲ್ಲ. ಅವನಿರುವನೆಂಬ ನಂಬಿಕೆಯಿಂದ ಮಣ್ಣೇ ಪ್ರಸಾದವಾಗುತ್ತದೆ.

ಇದೇ ಮಾತನ್ನು ಇನ್ನೂ ಸ್ಪಷ್ಟವಾಗಿ ಹೇಳುವ ಸನ್ನಿಧಿಯು ದೇವಾಲಯದ ಸಮೀಪದಲ್ಲಿಯೇ ಇದೆ. ಅದು ಶ್ರೀ ಸುಬ್ರಹ್ಮಣ್ಯ ಮಠ. ಶ್ರೀಮದಾಚಾರ್ಯರ (1238–1317) ಪೂರ್ವಾಶ್ರಮದ ಸಹೋದರರೂ ಅವರಿಂದಲೇ ಆಶ್ರಮ ಪಡೆದವರೂ ಆದ ಶ್ರೀ ವಿಷ್ಣುತೀರ್ಥರು ಈ ಮಠದ ಮೂಲಯತಿಗಳು. ಸೋದೆ ಮಠದ ಪರಂಪರೆಯೂ ಅವರಿಂದಲೇ ಹೊರಟಿತು. ತಂದೆತಾಯಿಗಳ ಸೇವೆಯನ್ನು ಮುಗಿಸಿ, ಮನೆಮಠಗಳ ಹಂಗನ್ನು ತೊರೆದು ಅಣ್ಣನ ಪಾದವನ್ನು ಹಿಡಿದ ಆ ಮಹನೀಯರು ಕುಮಾರಪರ್ವತದಲ್ಲಿ ಇಂದಿಗೂ ಅದೃಶ್ಯರಾಗಿ ತಪೋನಿರತರಾಗಿದ್ದಾರೆಂಬುದು ಸಂಪ್ರದಾಯದ ದೃಢವಾದ ನಂಬಿಕೆ. ಈ ಮಠದ ಆರಾಧ್ಯಮೂರ್ತಿ ಸಂಪುಟ ನರಸಿಂಹ. ಸಂಪುಟವನ್ನು ತೆರೆಯುವ ಕ್ರಮವಿಲ್ಲ. ಮುಚ್ಚಿದ ಸಂಪುಟಕ್ಕೇ ಅಭಿಷೇಕ, ಅದಕ್ಕೇ ಅರ್ಚನೆ, ಅದಕ್ಕೇ ಮಂಗಳಾರತಿ. ಏಳು ಶತಮಾನಗಳಿಂದ ಒಳಗಿನ ಸ್ವಾಮಿಯನ್ನು ಕಣ್ಣಾರೆ ಕಾಣದೆ ಪೂಜಿಸಿಕೊಂಡು ಬಂದ ಪರಂಪರೆಯಿದು. ಕಂಡರೆ ಮಾತ್ರ ನಂಬುವೆನೆನ್ನುವ ಕಾಲಕ್ಕೆ ಇದಕ್ಕಿಂತ ದೊಡ್ಡ ಉತ್ತರ ಬೇಕೇ? ಆ ಸಂಪುಟದ ಎದುರಿಗೆ ಕಣ್ಣುಮುಚ್ಚಿ ಒಂದು ಕ್ಷಣ ನಿಂತವನಿಗೆ ತನ್ನ ದೇಹವೂ ಒಂದು ಸಂಪುಟವೆಂಬುದು ಹೊಳೆಯದೆ ಇರದು. ಒಳಗೆ ಬಿಂಬರೂಪಿಯಾದ ಹರಿ; ಹೊರಗೆ ನಾವು ಪ್ರತಿಬಿಂಬಗಳು. ತೊಳೆಯಬೇಕಾದುದು, ಪೂಜೆಗೆ ಯೋಗ್ಯವಾಗಿ ಇಟ್ಟುಕೊಳ್ಳಬೇಕಾದುದು ಈ ಸಂಪುಟವನ್ನು.

ಕುಕ್ಕೆಯನ್ನು ಬಿಟ್ಟು ದಕ್ಷಿಣಕ್ಕೆ ತಿರುಗಿದರೆ ಸುಳ್ಯದ ಸೀಮೆ. ಇಲ್ಲಿಯ ನದಿ ಪಯಸ್ವಿನಿ. ಸುಳ್ಯದ ಪೇಟೆಯಲ್ಲಿ ಚೆನ್ನಕೇಶವನ ಸನ್ನಿಧಿ. ಒಳನಾಡಿನ ತೊಡಿಕಾನದಲ್ಲಿ ಮಲ್ಲಿಕಾರ್ಜುನನ ಸನ್ನಿಧಿ. ತೊಡಿಕಾನದ ಹೊಳೆಯಲ್ಲಿರುವ ಮತ್ಸ್ಯತೀರ್ಥದಲ್ಲಿ ಮೀನುಗಳು ನಿರ್ಭಯವಾಗಿ ದಡದವರೆಗೆ ಬರುತ್ತವೆ. ದೇವರ ಮೀನುಗಳೆಂದು ಅವನ್ನು ಯಾರೂ ಹಿಡಿಯುವುದಿಲ್ಲ. ಪ್ರಳಯಜಲದಲ್ಲಿ ವೇದಗಳನ್ನು ಕಾಪಾಡಿದವನು ಮೀನಿನ ರೂಪವನ್ನೇ ಧರಿಸಿದನೆಂಬುದನ್ನು ದಶಾವತಾರದ ಕಥೆಯಲ್ಲಿ ಹೇಳುತ್ತೇವೆ. ಆ ಕಥೆಯನ್ನು ನಡತೆಯಲ್ಲಿ ಉಳಿಸಿಕೊಂಡವರು ಈ ಹೊಳೆಯ ದಡದವರು. ಆದರೆ ನಂಬಿಕೆಯೆಂಬುದು ಎಷ್ಟು ಸುಲಭವಾಗಿ ಒಡೆಯುವ ಪಾತ್ರೆಯೆಂಬುದಕ್ಕೂ ಸಾಕ್ಷಿಯಿದೆ. 1996ರಲ್ಲಿ ನೆರೆಯ ಬೆಳ್ತಂಗಡಿ ತಾಲೂಕಿನ ಶಿಶಿಲದ ಮತ್ಸ್ಯತೀರ್ಥಕ್ಕೆ ದುಷ್ಟರು ವಿಷ ಬೆರೆಸಿದ್ದರಿಂದ ಸಾವಿರಾರು ಮೀನುಗಳು ಸತ್ತು ತೇಲಿದವು. ಅದನ್ನು ಕೇಳಿ ಮರುಗಿದ ನಾವೇ, ಕುಮಾರಧಾರೆಯಲ್ಲಿ ಮಿಂದು ಉಟ್ಟ ಬಟ್ಟೆಯನ್ನು ಹೊಳೆಗೆ ಬಿಟ್ಟು ದೋಷ ಕಳೆಯಿತೆಂದು ಹಿಂದಿರುಗಿದರೆ? ಸೋಪಿನ ನೊರೆಯನ್ನೂ ಪ್ಲಾಸ್ಟಿಕ್ ಚೀಲವನ್ನೂ ತೀರ್ಥಕ್ಕೆ ಅರ್ಪಿಸಿದರೆ? ವಿಷವು ನಿಧಾನವಾಗಿ ಏರುವುದಾದರೂ ವಿಷವೇ. ತ್ರಿವಿಕ್ರಮನ ಪಾದದಿಂದ ಇಳಿದ ಗಂಗೆಯನ್ನು ಸ್ನಾನಸಂಕಲ್ಪದಲ್ಲಿ ಆವಾಹಿಸಿ, ಬಳಿಕ ಅದೇ ನೀರಿಗೆ ಕಸವೆಸೆಯುವ ಕೈಯಿಂದ ಹರಿಗೆ ತುಳಸಿಯನ್ನು ಹೇಗೆ ಅರ್ಪಿಸುವುದು? ನಮ್ಮ ಬಟ್ಟೆಯನ್ನು ನಾವು ಹೊಳೆಗೆ ಬಿಡಬಾರದು. ಬಿಡಬೇಕಾದುದು ಒಂದು ದುರ್ಗುಣವನ್ನು.

ಪಯಸ್ವಿನಿಯ ದಡವು ಇನ್ನೊಂದು ಧರ್ಮವನ್ನೂ ತೋರಿಸಿದೆ. 2018ರ ಆಗಸ್ಟ್ ತಿಂಗಳ ಮಹಾಮಳೆಗೆ ಕೊಡಗಿನ ಗಡಿಯ ಜೋಡುಪಾಲ, ಮದೆನಾಡುಗಳ ಕಡೆ ಗುಡ್ಡಗಳು ಕುಸಿದವು. ಮನೆಮಾರು ಕಳೆದುಕೊಂಡು ಘಟ್ಟವಿಳಿದು ಬಂದವರಿಗೆ ಸಂಪಾಜೆ, ಅರಂತೋಡುಗಳ ಕಡೆಯ ಜನರು ಆಶ್ರಯವಿತ್ತರು. ಯಾರ ಜಾತಿ ಯಾವುದು, ಯಾರ ಭಾಷೆ ಯಾವುದೆಂದು ಆಗ ಕೇಳಿದವರಿಲ್ಲ. ವಾಸುಕಿಗೆ ಅಭಯವಿತ್ತ ಕಥೆಯನ್ನು ಕೇಳುವುದು ಕುಕ್ಕೆಯಲ್ಲಿ. ಅದನ್ನು ನಡೆಸಿ ತೋರಿಸಿದ್ದು ಈ ಹೊಳೆಯ ದಡದಲ್ಲಿ. ಶರಣುಬಂದವನೊಳಗೂ ಅದೇ ಅಂತರ್ಯಾಮಿ ಇದ್ದಾನೆಂದು ತಿಳಿದು ಮಾಡಿದ ಅನ್ನದಾನವು ರಥೋತ್ಸವದ ಸೇವೆಗಿಂತ ಕಡಿಮೆಯದಲ್ಲ.

ಇದೇ ಪಯಸ್ವಿನಿಯು ಮುಂದೆ ಹರಿದು ಕಾಸರಗೋಡು ಜಿಲ್ಲೆಯನ್ನು ಸೇರಿ, ಚಂದ್ರಗಿರಿ ಹೊಳೆಯೆಂಬ ಹೆಸರಿನಿಂದ ಅಗಲವಾದ ಅಳಿವೆಯಾಗಿ, ತೆಂಗಿನ ತೋಟಗಳ ನಡುವೆ ಶಾಂತವಾಗಿ ಹರಡಿ ಪಶ್ಚಿಮ ಸಮುದ್ರವನ್ನು ಕೂಡುತ್ತದೆ. ಆ ಅಳಿವೆಯಿಂದ ಬಹುದೂರವಲ್ಲ ಕೂಡ್ಲು. ಕುಂಬಳೆಯ ಅರಸ ಜಯಸಿಂಹನ ನಾಡಾದ ಆ ಸೀಮೆಯಲ್ಲಿ ಮಹಾಪಂಡಿತರಾದ ತ್ರಿವಿಕ್ರಮಪಂಡಿತಾಚಾರ್ಯರು ಶ್ರೀಮದಾಚಾರ್ಯರೊಡನೆ 15 ದಿನಗಳ ಕಾಲ ವಾದ ನಡೆಸಿ, ಕೊನೆಗೆ ಶಿಷ್ಯತ್ವವನ್ನು ಸ್ವೀಕರಿಸಿದರೆಂದು ಸಂಪ್ರದಾಯವು ಹೇಳುತ್ತದೆ. ಅವರ ಪುತ್ರರಾದ ನಾರಾಯಣಪಂಡಿತಾಚಾರ್ಯರೇ ‘ಸುಮಧ್ವವಿಜಯ’ವನ್ನು ರಚಿಸಿದವರು. ಗಿರಿಯಲ್ಲಿ ಹುಟ್ಟಿದ ಹೊಳೆ ಕಲ್ಲುಬಂಡೆಗಳಿಗೆ ಬಡಿದು ಸದ್ದುಮಾಡುತ್ತ ಇಳಿಯುತ್ತದೆ. ಸಮುದ್ರ ಹತ್ತಿರವಾದಂತೆ ಸದ್ದು ಅಡಗುತ್ತದೆ. ಪಂಡಿತರ ವಾದವೂ ಹಾಗೆಯೇ ಅಡಗಿತು. ಸೋತೆನೆಂಬ ದುಃಖದಿಂದಲ್ಲ, ಸೇರಬೇಕಾದಲ್ಲಿ ಸೇರಿದೆನೆಂಬ ತೃಪ್ತಿಯಿಂದ.

ಸಜ್ಜನರೇ, ಈಗ ಒಟ್ಟುಗೂಡಿಸಿ ನೋಡೋಣ. ಪುತ್ತೂರಿನಲ್ಲಿ ನೆಲದೊಳಗಿನ ನೀರು, ಉಪ್ಪಿನಂಗಡಿಯಲ್ಲಿ ಮರಳಿನೊಳಗಿನ ಲಿಂಗ, ಕುಕ್ಕೆಯಲ್ಲಿ ಹುತ್ತದೊಳಗಿನ ಸನ್ನಿಧಾನ, ಮಠದಲ್ಲಿ ಸಂಪುಟದೊಳಗಿನ ನರಸಿಂಹ, ಪರ್ವತದಲ್ಲಿ ಅದೃಶ್ಯರಾದ ವಿಷ್ಣುತೀರ್ಥರು, ತೊಡಿಕಾನದಲ್ಲಿ ಜಲದೊಳಗಿನ ಮತ್ಸ್ಯ. ಎಲ್ಲ ಕಡೆಯಲ್ಲಿಯೂ ಮುಖ್ಯವಾದುದು ಒಳಗೇ ಇದೆ. ಕ್ಯಾಮೆರಾದ ಕಣ್ಣಿಗೆ ಅದು ಸಿಕ್ಕುವುದಿಲ್ಲ. ಓಡುವವನ ಕಣ್ಣಿಗೂ ಸಿಕ್ಕುವುದಿಲ್ಲ. ತೀರ್ಥಯಾತ್ರೆಯಿಂದ ಮರಳಿದ ವಿದುರನನ್ನು ಧರ್ಮರಾಜನು ಸ್ವಾಗತಿಸಿದಾಗ, ಹೃದಯದಲ್ಲಿ ಭಗವಂತನನ್ನು ಹೊತ್ತ ಭಕ್ತರಿಂದಲೇ ತೀರ್ಥಗಳು ತೀರ್ಥಗಳಾಗುತ್ತವೆ ಎಂಬರ್ಥದ ಮಾತನ್ನಾಡಿದನೆಂದು ಭಾಗವತವು ತಿಳಿಸುತ್ತದೆ. ನಾವು ಹೋಗಿಬಂದ ಮೇಲೆ ಆ ತೀರ್ಥವು ಇನ್ನಷ್ಟು ತೀರ್ಥವಾಯಿತೇ, ಇನ್ನಷ್ಟು ಕೊಳೆಯಾಯಿತೇ? ಪ್ರತಿಯೊಬ್ಬ ಯಾತ್ರಿಕನೂ ತನ್ನನ್ನು ಕೇಳಿಕೊಳ್ಳಬೇಕಾದ ಪ್ರಶ್ನೆಯಿದು.

ಆದುದರಿಂದ ಈ ಸಲ ಹೊರಡುವವರು ಕೆಲವು ನಿಯಮಗಳನ್ನು ಪಾಲಿಸಿದರೆ ಲೇಸು. ಒಂದು ದಿನಕ್ಕೆ ಒಂದೇ ಕ್ಷೇತ್ರವನ್ನಿಟ್ಟುಕೊಳ್ಳಿರಿ. ಹಿಂದಿನ ರಾತ್ರಿ ಮಕ್ಕಳನ್ನು ಕೂಡಿಸಿ ಆ ಕ್ಷೇತ್ರದ ಕಥೆಯನ್ನು ಹೇಳಿರಿ. ಹೊಳೆಯಲ್ಲಿ ಸಂಕಲ್ಪಪೂರ್ವಕವಾಗಿ ಮಿಂದು, ತಂದುದನ್ನೆಲ್ಲ ಮರಳಿ ತೆಗೆದುಕೊಂಡು ಬನ್ನಿರಿ. ದರ್ಶನವಾದ ಮೇಲೆ ಅರ್ಧಗಳಿಗೆಯಾದರೂ ಪ್ರಾಕಾರದಲ್ಲಿ ಕುಳಿತು ಅಷ್ಟಾಕ್ಷರವನ್ನು ಜಪಿಸಿರಿ. ಮಳೆಗಾಲದಲ್ಲಿ ಕುಮಾರಧಾರೆಯ ಸ್ನಾನಘಟ್ಟವು ಮುಳುಗುವುದುಂಟು. ಆಗ ಕಾವಲಿನವರ ಮಾತನ್ನು ಮೀರಿ ನೀರಿಗಿಳಿಯುವುದು ಭಕ್ತಿಯಲ್ಲ. ದೇಹವು ಹರಿಯ ಅಧಿಷ್ಠಾನ. ಅದನ್ನು ಅಪಾಯಕ್ಕೊಡ್ಡುವ ಅಧಿಕಾರ ನಮಗಿಲ್ಲ.

ವೃದ್ಧರೂ ಅಶಕ್ತರೂ ವ್ಯಸನಪಡಬೇಕಾಗಿಲ್ಲ. ಘಟ್ಟ ಹತ್ತಲಾರದವರು ಮನೆಯ ದೇವರ ಪೆಟ್ಟಿಗೆಯ ಮುಂದೆ ಕುಳಿತು, ಒಳಗೆ ಸಂಪುಟದಲ್ಲಿರುವ ಸಾಲಿಗ್ರಾಮವನ್ನು ನೆನೆದು ನಮಿಸಲಿ. ಅಲ್ಲಿರುವವನೂ ಕುಕ್ಕೆಯ ಸಂಪುಟದಲ್ಲಿರುವವನೂ ಬೇರೆಯಲ್ಲ. ನಡೆಯಬಲ್ಲವರು ನಡೆದುಹೋಗಿ ನಿಲ್ಲಲಿ. ನಡೆಯಲಾರದವರು ಇದ್ದಲ್ಲಿಯೇ ನಿಲ್ಲಲಿ. ಶ್ರೀಮದಾಚಾರ್ಯರ ಅಂತರ್ಗತನಾದ ಶ್ರೀಕೃಷ್ಣನು ಎಲ್ಲರ ಯಾತ್ರೆಯನ್ನೂ ಸಫಲಗೊಳಿಸಲೆಂದು ಪ್ರಾರ್ಥಿಸುತ್ತೇವೆ.

|| ಶ್ರೀಕೃಷ್ಣಾರ್ಪಣಮಸ್ತು ||